ಅಪ್ಪನ ಜೀಪಿನ ಹಿಂದಿನ ಶಾಕ್ ಅಬ್ಸಾರ್ಬರ್: ಮನೆಯಂಗಳದಲ್ಲೇ ಬದಲಿಸುವ ಬಗೆ

ಡಿಸೆಂಬರ್ ತಿಂಗಳ ಒಂದು ಮುಂಜಾನೆ ಗಂಗಾವತಿಯಿಂದ ಆನೆಗೊಂದಿಯವರೆಗೆ ಹೋಗಿ ಬಂದೆ. ಇಂಜಿನ್ ಆರಿಸಿದ ಕೂಡಲೇ ಜೀಪಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಅಂಗೈಯಿಂದ ಮುಟ್ಟಿ ನೋಡಿದೆ. ಎಡಗಡೆಯದು ಉಗುರುಬೆಚ್ಚಗಿತ್ತು. ಬಲಗಡೆಯದು ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಕಬ್ಬಿಣದ ಹಾಗೆ ತಣ್ಣಗಿತ್ತು. ಅದು ಸತ್ತಿದೆ ಎಂದು ತಿಳಿಯಲು ಬೇರೆ ಯಾವ ಯಂತ್ರವೂ ಬೇಕಾಗಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಇದನ್ನು ಹೇಳುವಾಗ ಸೂಜಿ ತೆಗೆದ ಸಿರಿಂಜ್ ಒಂದನ್ನು ಕೈಗೆ ಕೊಡುತ್ತೇನೆ. ನೀರು ತುಂಬಿ ಮೆಲ್ಲಗೆ ಒತ್ತಿದರೆ ಹಗುರವಾಗಿ ಹೋಗುತ್ತದೆ, ಜೋರಾಗಿ ಒತ್ತಿದರೆ ಕೈಗೆ ಎದುರು ನಿಲ್ಲುತ್ತದೆ. ಶಾಕ್ ಅಬ್ಸಾರ್ಬರ್ ಕೆಲಸವೂ ಅಷ್ಟೇ. ಒಳಗೆ ಎಣ್ಣೆ, ಅದರಲ್ಲಿ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ದಾರಿಗಳು. ಗುಂಡಿಗೆ ಬಿದ್ದಾಗ ಭಾರ ಹೊರುವುದು ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಆದರೆ ಪಟ್ಟಿ ಬಾಗಿ ಹಿಡಿದಿಟ್ಟ ಶಕ್ತಿಯನ್ನು ತಿರುಗಿ ಕೊಟ್ಟೇ ಕೊಡುತ್ತದೆ, ಗಾಡಿ ಕುಣಿಯತೊಡಗುತ್ತದೆ. ಆ ಕುಣಿತವನ್ನು ಎಣ್ಣೆಯ ಮೂಲಕ ಬಿಸಿಯಾಗಿ ಕರಗಿಸುವುದು ಶಾಕ್ ಅಬ್ಸಾರ್ಬರ್. ಬಿಸಿಯಾಗಲಿಲ್ಲ ಎಂದರೆ ಕೆಲಸ ಮಾಡಲಿಲ್ಲ ಎಂದೇ ಅರ್ಥ. ಈ ಪರೀಕ್ಷೆಯನ್ನು ಮುಂಜಾನೆಯೇ ಮಾಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆ ಬಿಸಿಲಿಗೆ ನಿಂತ ಗಾಡಿಯ ಯಾವ ಕಬ್ಬಿಣ ಮುಟ್ಟಿದರೂ ಕೈ ಸುಡುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಸೈಲೆನ್ಸರ್ ಎಲ್ಲಿದೆ ಎಂದು ನೋಡಿಕೊಂಡೇ ಕೈ ಚಾಚಿ.

ಅನೇಕರು ಶಾಕ್ ಅಬ್ಸಾರ್ಬರ್ ಇರುವುದು ಮೈಗೆ ಸುಖವಾಗಲಿ ಎಂದು ತಿಳಿದಿದ್ದಾರೆ. "ಜೀಪ್ ಎಂದರೆ ಕುಣಿಯುವುದೇ" ಎಂದು ವರ್ಷಗಟ್ಟಲೆ ಹಾಗೆಯೇ ಓಡಿಸುತ್ತಾರೆ. ಅದು ಇರುವುದು ಟೈರು ನೆಲ ಬಿಡದಿರಲಿ ಎಂದು. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಕಂಪ್ಲಿ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್ ಒಂದು ಅಡ್ಡ ಬಂದಾಗ ನನ್ನ ಜೀಪಿನ ಹಿಂಬದಿ ಬಲಕ್ಕೆ ಜಿಗಿದು ಅರ್ಧ ಗೇಣು ಸರಿದು ಕುಳಿತದ್ದು ಇದೇ ಕಾರಣಕ್ಕೆ. ಅಂದೇ ನಿಶ್ಚಯಿಸಿದೆ.

ಜೀಪಿನ ಬಗ್ಗೆ ಎರಡು ಮಾತು. ಇದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅಮೆರಿಕದಲ್ಲಿ ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಮಾದರಿ. ಅದರ ಹರಿಕೇನ್ ಇಂಜಿನ್ ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಮಹೀಂದ್ರ ಕಂಪನಿ ಅದೇ ಮಾದರಿಯನ್ನು ನಮ್ಮಲ್ಲಿ ದಶಕಗಳ ಕಾಲ ತಯಾರಿಸಿತು. ನನ್ನ ಅಪ್ಪ ಇದನ್ನು ಹರಾಜಿನಲ್ಲಿ ಕೊಂಡು, ಕಾಲುವೆ ಕೆಲಸದ ಗುತ್ತಿಗೆಗೆ ಇಪ್ಪತ್ತು ವರ್ಷ ಓಡಿಸಿದರು. ಕಾಲುವೆಯ ಏರಿ, ಎರೆಮಣ್ಣಿನ ಬಂಡಿ ದಾರಿ, ಹಿರೇಬೆಣಕಲ್ ಕಡೆಯ ಕಲ್ಲುಹಾದಿ, ಎಲ್ಲವನ್ನೂ ಕಂಡ ಗಾಡಿ. ಈಗ ನನ್ನದು.

ಇದರ ಹಿಂದಿನ ಜೋಡಣೆ ಬಹಳ ಸರಳ. ಒಂದೇ ಉದ್ದದ ಗಟ್ಟಿ ಆಕ್ಸಲ್, ಅದರ ಎರಡು ಬದಿಗೆ ಕಮಾನು ಪಟ್ಟಿಗಳ ಕಟ್ಟು. ಪಟ್ಟಿಗಳು ಆಕ್ಸಲ್‌ನ ಕೆಳಗೆ ಇವೆ. ಯು-ಬೋಲ್ಟುಗಳು ಆಕ್ಸಲ್ ಮೇಲಿನಿಂದ ಇಳಿದು ಪಟ್ಟಿಗಳ ಅಡಿಯ ಒಂದು ದಪ್ಪ ಪ್ಲೇಟನ್ನು ಬಿಗಿಹಿಡಿಯುತ್ತವೆ. ಶಾಕ್ ಅಬ್ಸಾರ್ಬರ್‌ನ ಕೆಳಗಿನ ಕಣ್ಣು, ಎಂದರೆ ತುದಿಯ ಬಳೆ, ಆ ಪ್ಲೇಟಿನ ಪಿನ್ನಿಗೆ, ಮೇಲಿನ ಕಣ್ಣು ಚಾಸಿಯ ಬ್ರಾಕೆಟ್ಟಿನ ಪಿನ್ನಿಗೆ. ಕಣ್ಣಿನೊಳಗೆ ರಬ್ಬರ್ ಬುಷ್, ಹೊರಗೆ ವಾಷರ್ ಮತ್ತು ನಟ್ಟು. ಕೆಲವು ಹಳೆಯ ಗಾಡಿಗಳಲ್ಲಿ ನಟ್ಟಿನ ಜಾಗದಲ್ಲಿ ಸ್ಪ್ಲಿಟ್ ಪಿನ್ ಇರುತ್ತದೆ. ಒಟ್ಟು ನಾಲ್ಕು ಕಣ್ಣು, ನಾಲ್ಕು ಪಿನ್ನು, ಅಷ್ಟೇ ಲೆಕ್ಕ. ನಿಮ್ಮದು ಬೇರೆ ಹಳೆಯ ಕಾರಾಗಿದ್ದು ಶಾಕ್‌ನ ತುದಿ ಕಣ್ಣಿನ ಬದಲು ಕಡ್ಡಿಯಾಗಿದ್ದರೆ ನಟ್ಟು ಬಿಚ್ಚುವಾಗ ಕಡ್ಡಿಯೂ ಜೊತೆಗೆ ತಿರುಗುತ್ತದೆ. ಆಗ ಕಡ್ಡಿಯ ತುದಿಯ ಚಪ್ಪಟೆ ಭಾಗವನ್ನು ಇನ್ನೊಂದು ಪಾನಾದಿಂದ ಹಿಡಿಯಬೇಕು. ಮಿಕ್ಕ ಕೆಲಸ ಹೆಚ್ಚುಕಡಿಮೆ ಇದೇ.

ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಸಲ ಏಳುತ್ತದೆ ಎಂದು ಎಣಿಸುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಜೀಪಿನಲ್ಲಿ ಅದನ್ನು ನಂಬಬೇಡಿ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಕುಣಿತ ತಡೆಯುತ್ತವೆ. ಕೈ ಒತ್ತಡಕ್ಕೆ ಅವು ಅಲುಗುವುದೂ ಕಷ್ಟ, ಸತ್ತ ಶಾಕ್ ಕೂಡ ಪಾಸಾಗಿಬಿಡುತ್ತದೆ. ಎಣ್ಣೆ ಸೋರಿದೆಯೇ ನೋಡಿ. ನನ್ನದರ ಮೈಮೇಲೆ ಎಣ್ಣೆ ಇಳಿದು, ಅದಕ್ಕೆ ರಸ್ತೆಯ ಧೂಳು ಮೆತ್ತಿ, ಕೆಳಗಿನ ಅರ್ಧದಲ್ಲಿ ಬೆಲ್ಲದ ಪಾಕ ಆರಿದಂತಹ ಕಪ್ಪು ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಒಳಗಡೆ ಇನ್ನೂ ಹಸಿ. ಬರೀ ಮಂಜು ಹಿಡಿದಂತೆ ತೆಳುವಾಗಿ ಒದ್ದೆಯಾಗಿದ್ದರೆ ಚಿಂತೆಯಿಲ್ಲ, ಹೀಗೆ ಪೊರೆ ಕಟ್ಟಿದ್ದರೆ ಒಳಗೆ ಎಣ್ಣೆ ಉಳಿದಿಲ್ಲ. ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ಗುಳಿ ಬಿದ್ದು ಸವೆದಿರುವುದು ಸಿಕ್ಕರೆ ಅದೂ ಒಂದು ಗುರುತು.

ಒಂದೇ ಕೆಟ್ಟಿದ್ದರೂ ಎರಡನ್ನೂ ಬದಲಿಸಿ. ಒಂದು ಬದಿ ಗಟ್ಟಿ, ಒಂದು ಬದಿ ಸಡಿಲ ಇದ್ದರೆ ತಿರುವಿನಲ್ಲಿ ಗಾಡಿ ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ನಡೆದುಕೊಳ್ಳುತ್ತದೆ.

ಕೊಳ್ಳುವಾಗ ನಾನು ಒಮ್ಮೆ ಮೋಸಹೋಗಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯವರು "ಜೀಪಿಗೆ ಇದೇ ಬರುತ್ತದೆ, ಅಕ್ಕಾವರೇ" ಎಂದು ಕೊಟ್ಟ ಜೋಡಿ ಉದ್ದವಾಗಿತ್ತು. ಕಣ್ಣು ಪಿನ್ನಿಗೆ ಕುಳಿತಿತು, ಗಾಡಿ ಓಡಿತು, ಎಲ್ಲ ಸರಿ ಎಂದುಕೊಂಡೆ. ದೊಡ್ಡ ಗುಂಡಿಗೆ ಬಿದ್ದಾಗ ಕಮಾನು ಪಟ್ಟಿ ಇನ್ನೂ ಬಾಗುವ ಮೊದಲೇ ಶಾಕ್ ಪೂರ್ತಿ ಮುಚ್ಚಿಕೊಂಡು ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಹೀಗೆ ಬಡಿದು ಬಡಿದೇ ಒಳಗಿನ ಸೀಲು ಹೋಯಿತು. ಆದ್ದರಿಂದ ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಮೇಲಿನ ಪಿನ್ನಿನ ನಡುವಿನಿಂದ ಕೆಳಗಿನ ಪಿನ್ನಿನ ನಡುವಿಗೆ ಟೇಪು ಹಿಡಿಯಿರಿ. ಹೊಸ ಶಾಕ್ ಪೂರ್ತಿ ಮುಚ್ಚಿದಾಗಿನ ಉದ್ದ ಮತ್ತು ಪೂರ್ತಿ ಎಳೆದಾಗಿನ ಉದ್ದ, ಇವೆರಡರ ಸುಮಾರು ನಡುವೆ ಆ ಅಳತೆ ಬರಬೇಕು. ಆಗ ಮೇಲಕ್ಕೂ ಕೆಳಕ್ಕೂ ಆಟಕ್ಕೆ ಜಾಗವಿರುತ್ತದೆ. ನನ್ನ ಜೀಪಿನ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಕಮಾನು ಪಟ್ಟಿ ಎಷ್ಟು ಕುಸಿದಿದೆ, ಯಾರಾದರೂ ಪಟ್ಟಿ ಸೇರಿಸಿದ್ದಾರೆಯೇ ಎಂಬುದರ ಮೇಲೆ ಪ್ರತಿ ಹಳೆಯ ಜೀಪಿನ ಅಳತೆಯೂ ಬೇರೆ. ಕಣ್ಣಿನೊಳಗಿನ ಬುಷ್‌ನ ತೂತು ನಿಮ್ಮ ಪಿನ್ನಿನ ದಪ್ಪಕ್ಕೆ ಸರಿಹೊಂದುತ್ತದೆಯೇ ಎಂದೂ ಅಲ್ಲೇ ನೋಡಿ.

ಪಾನಾಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಜೀಪಿನ ನಟ್ಟುಗಳು ಇಂಚಿನ ಅಳತೆಯವು, ಮನೆಯಲ್ಲಿರುವ ಪಾನಾಗಳು ಮಿಲಿಮೀಟರಿನವು. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್, ಆದ್ದರಿಂದ 19ರ ಪಾನಾ ಅದಕ್ಕೆ ಚೆನ್ನಾಗಿಯೇ ಕೂರುತ್ತದೆ. ಆದರೆ 11/16 ಇಂಚು ಎಂದರೆ ಸುಮಾರು 17.5 ಮಿಲಿಮೀಟರ್. ಅದಕ್ಕೆ 17 ಹತ್ತುವುದಿಲ್ಲ, 18 ಜಾರುತ್ತದೆ. ತುಕ್ಕು ಹಿಡಿದ ನಟ್ಟಿನ ಮೇಲೆ ಪಾನಾ ಒಮ್ಮೆ ಜಾರಿತೆಂದರೆ ಆರು ಮೂಲೆ ದುಂಡಗಾಗಿ, ಅರ್ಧ ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ. ಇಂಚಿನ ರಿಂಗ್ ಪಾನಾ ಒಂದೆರಡನ್ನು ಕೊಂಡುಬಿಡಿ. ಬಾಯಿ ತೆರೆದ ಪಾನಾ ಈ ಕೆಲಸಕ್ಕೆ ಬೇಡವೇ ಬೇಡ. ಉಳಿದಂತೆ ತಂತಿ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಸುತ್ತಿಗೆ, ಉಳಿ, ಹ್ಯಾಕ್ಸಾ, ಟೈರ್ ಲಿವರ್, ಎಮರಿ ಕಾಗದ, ಕಣ್ಣಿಗೆ ಕನ್ನಡಕ. ಗಾಡಿಯ ಕೆಳಗೆ ಮಲಗಿ ಮೇಲೆ ನೋಡುತ್ತ ತುಕ್ಕು ಕೆರೆಯುತ್ತೀರಿ, ಕನ್ನಡಕ ಮರೆಯಬೇಡಿ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ನಟ್ಟಿನ ಹೊರಗೆ ಚಾಚಿರುವ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಹೆಚ್ಚಿನವರು ಇದನ್ನು ಬಿಟ್ಟು ನೇರ ಎಣ್ಣೆ ಹಾಕುತ್ತಾರೆ. ಮಣ್ಣಿನ ಮೇಲೆ ಬಿದ್ದ ಎಣ್ಣೆಯನ್ನು ಮಣ್ಣೇ ಕುಡಿಯುತ್ತದೆ, ಥ್ರೆಡ್ಡಿಗೆ ಇಳಿಯುವುದಿಲ್ಲ. ನಮ್ಮ ಎರೆಮಣ್ಣಂತೂ ಒಣಗಿದ ಮೇಲೆ ಸಿಮೆಂಟಿನ ಹಾಗೆ ಕೂತಿರುತ್ತದೆ. ಉಜ್ಜಿದ ಮೇಲೆ ಎಣ್ಣೆ ಹಾಕಿ, ಸುತ್ತಿಗೆಯಿಂದ ನಟ್ಟಿನ ಆರೂ ಮುಖಕ್ಕೆ ಮೆಲ್ಲಗೆ ತಟ್ಟಿ, ಮಲಗುವ ಮುನ್ನ ಇನ್ನೊಮ್ಮೆ ಹಾಕಿ. ಕೆಳಗಿನ ನಟ್ಟು ಹೆಚ್ಚು ಹಠಮಾರಿ. ಆ ಪ್ಲೇಟು ಗಾಡಿಯ ಮಿಕ್ಕ ಬಹುತೇಕ ಭಾಗಗಳಿಗಿಂತ ಕೆಳಗೆ ಇರುವುದರಿಂದ ಗದ್ದೆಯ ಕೆಸರೂ ಕಲ್ಲಿನ ಏಟೂ ಮೊದಲು ಅದಕ್ಕೇ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಮಾತು. ಜೀಪನ್ನು ಎತ್ತಬೇಡಿ. ಅದರ ಅಡಿಯಲ್ಲಿ ಒಬ್ಬರು ಮಲಗುವಷ್ಟು ಜಾಗ ಹೇಗೂ ಇದೆ. ಭಾರವನ್ನು ಹೊತ್ತಿರುವುದು ಕಮಾನು ಪಟ್ಟಿಗಳೇ ಹೊರತು ಶಾಕ್ ಅಲ್ಲ, ಆದ್ದರಿಂದ ನಾಲ್ಕೂ ಗಾಲಿ ನೆಲದ ಮೇಲಿರುವಾಗಲೇ ಶಾಕ್ ಬಿಚ್ಚಬಹುದು. ಚಾಸಿಯನ್ನು ಎತ್ತಿದರೆ ಆಕ್ಸಲ್ ಜೋತುಬಿದ್ದು ಶಾಕ್ ಎಳೆದುಕೊಳ್ಳುತ್ತದೆ, ಬ್ರೇಕಿನ ಹೋಸ್ ಪೈಪಿಗೂ ಜಗ್ಗಾಟ.

ಎತ್ತಲೇಬೇಕಾದರೆ ಈ ಜೀಪಿನ ಹ್ಯಾಂಡ್‌ಬ್ರೇಕ್ ಎಲ್ಲಿದೆ ಎಂದು ತಿಳಿದುಕೊಂಡು ಎತ್ತಿ. ಅದು ಗಾಲಿಗಳಲ್ಲಿ ಇಲ್ಲ, ಇಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇದೆ. ಅದು ಹಿಡಿಯುವುದು ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು. ಒಂದು ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿದ ಕ್ಷಣ, ಎರಡು ಗಾಲಿಗಳನ್ನು ಬೇರೆಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಶಿಯಲ್ ಮೂಲಕ ಆ ಗಾಲಿ ಹಿಂದಕ್ಕೂ, ನೆಲದ ಮೇಲಿನ ಗಾಲಿ ಮುಂದಕ್ಕೂ ತಿರುಗಬಹುದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ ಜೀಪು ಉರುಳುತ್ತದೆ. ಗೇರಿನಲ್ಲಿ ಇಟ್ಟರೂ ಅದೇ ಕಥೆ. ಮುಂದಿನ ಎರಡೂ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ, ಆಕ್ಸಲ್ ಕೊಳವೆಯ ಅಡಿಗೆ, ಪಟ್ಟಿಗಳ ಹತ್ತಿರ ಸ್ಟ್ಯಾಂಡ್ ಇಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಇಟ್ಟಿಗೆಯನ್ನೋ ಹಾಲೋ ಬ್ಲಾಕನ್ನೋ ನಂಬಬೇಡಿ. ಭಾರಕ್ಕೆ ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಗಾಲಿ ಬಿಚ್ಚುವ ಪ್ರಸಂಗ ಬಂದರೆ ಇನ್ನೊಂದು ಮಾತು: ಹಳೆಯ ಜೀಪುಗಳಲ್ಲಿ ಎಡಗಡೆಯ ಗಾಲಿಗಳ ನಟ್ಟಿಗೆ ಉಲ್ಟಾ ಥ್ರೆಡ್ ಇರಬಹುದು. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿದು ಬೋಲ್ಟು ಮುರಿದವರಿದ್ದಾರೆ.

ಬೆಳಿಗ್ಗೆ ಆರಕ್ಕೆ ಅಣ್ಣನ ಮಗ ಬಂದ. "ಅತ್ತೆ, ಎರಡೂ ಕಡೆ ಒಟ್ಟಿಗೇ ಬಿಚ್ಚೋಣವೇ?" ಎಂದು ಕೇಳಿದ. ಬೇಡ ಎಂದೆ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗುವುದು ಒಳ್ಳೆಯದು. ವಾಷರ್ ಯಾವ ಕಡೆ ಮುಖಮಾಡಿತ್ತು, ಒಳಗಡೆ ಒಂದಿತ್ತೋ ಎರಡಿತ್ತೋ ಎಂದು ಅನುಮಾನ ಬಂದರೆ ಬಿಚ್ಚದ ಬದಿಯನ್ನು ನೋಡಿಕೊಳ್ಳಬಹುದು.

ಕೆಳಗಿನ ನಟ್ಟಿನಿಂದ ಆರಂಭಿಸಿ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ. ತುಕ್ಕಿನ ಹಿಡಿತ ಒಡೆದದ್ದು ಕೈಗೆ ತಿಳಿಯುತ್ತದೆ, ಟಕ್ ಎಂಬ ಸಣ್ಣ ಸದ್ದು ಬರುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಸ್ವಲ್ಪ ಹಿಂದಕ್ಕೆ, ಮತ್ತೆ ಎಣ್ಣೆ. ನನ್ನ ಎಡಗಡೆಯ ಕೆಳಗಿನ ನಟ್ಟು ಹೀಗೆ ಮುಂದೆ ಹಿಂದೆ ಆಡುತ್ತ ಬರಲು ಇಪ್ಪತ್ತು ನಿಮಿಷ ಹಿಡಿಯಿತು, ಆದರೆ ಥ್ರೆಡ್ ಒಂದೂ ಹಾಳಾಗದೆ ಬಂತು. ಬಲಗಡೆಯದು ಬರಲಿಲ್ಲ.

ಬರದಿದ್ದರೆ ಏನು ಮಾಡಬೇಕು ಎಂಬುದಕ್ಕೆ ನನ್ನದು ಒಂದೇ ನಿಯಮ. ಪಿನ್ನು ಗಾಡಿಯದು, ಶಾಕ್ ಗುಜರಿಯದು. ಏಟು ಬೀಳುವುದಾದರೆ ಶಾಕ್‌ಗೆ ಬೀಳಲಿ. ಗ್ಯಾಸ್ ಬೆಂಕಿ ಹಿಡಿಯಲು ಹೋಗಬೇಡಿ, ಪಕ್ಕದಲ್ಲೇ ರಬ್ಬರ್ ಇದೆ, ಎಣ್ಣೆ ತುಂಬಿದ ಮುಚ್ಚಿದ ಕೊಳವೆ ಇದೆ, ಅದು ಸಿಡಿಯಬಹುದು. ನಟ್ಟಿನ ಒಂದು ಮುಖಕ್ಕೆ ಪಿನ್ನಿನ ಉದ್ದಕ್ಕೆ ಸಮವಾಗಿ ಹ್ಯಾಕ್ಸಾ ಹಿಡಿದು, ಥ್ರೆಡ್ ಮುಟ್ಟುವ ಸ್ವಲ್ಪ ಮೊದಲೇ ನಿಲ್ಲಿಸಿ, ಆ ಸೀಳಿಗೆ ಉಳಿ ಇಟ್ಟು ಒಂದು ಏಟು ಕೊಟ್ಟರೆ ನಟ್ಟು ಬಾಯಿಬಿಡುತ್ತದೆ. ನನ್ನದು ಮೂರನೆಯ ಏಟಿಗೆ ಸೀಳಿತು.

ನಟ್ಟು ಹೋದ ಮೇಲೂ ಕಣ್ಣು ಸುಲಭವಾಗಿ ಹೊರಬರುವುದಿಲ್ಲ. ವರ್ಷಗಳ ಬಿಸಿಗೆ ರಬ್ಬರ್ ಪಿನ್ನಿಗೆ ಅಂಟಿಕೊಂಡು ಬೆಂದಿರುತ್ತದೆ. ಟೈರ್ ಲಿವರನ್ನು ಕಣ್ಣು ಮತ್ತು ಪ್ಲೇಟಿನ ನಡುವೆ ತೂರಿಸಿ, ಶಾಕ್‌ನ ಮೈಯನ್ನು ಹಿಡಿದು ಅತ್ತಿತ್ತ ತಿರುಚುತ್ತ ಹೊರಗೆಳೆಯಿರಿ. ಕೆಳಗಿನದು ಬಂದ ಮೇಲೆ ಮೇಲಿನದು. ಪಿನ್ನಿನ ಮೇಲೆ ಉಳಿದ ರಬ್ಬರನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಸುಲಿಯಿರಿ.

ಹೊರಬಂದ ಶಾಕನ್ನು ಒಮ್ಮೆ ಕೈಯಿಂದ ಎಳೆದು ಒತ್ತಿ ನೋಡಿ. ನನ್ನ ಎಡಗಡೆಯದು ಮೊದಲಿಗೆ ತಡೆದು, ನಡುವೆ ಒಂದು ಬೆರಳಿನಷ್ಟು ದೂರ ಸುಮ್ಮನೆ ಜಾರಿ, ಮತ್ತೆ ತಡೆಯಿತು. ಬಲಗಡೆಯದು ಮುಚ್ಚಳವಿಲ್ಲದ ಪೆನ್ನಿನ ಹಾಗೆ ಹೋಗಿ ಬಂತು, ಕಡ್ಡಿ ಒಂದು ಕಡೆ ಬಾಗಿಯೂ ಇತ್ತು.

ಈಗ ಪಿನ್ನನ್ನು ಎಮರಿ ಕಾಗದದಿಂದ ಉಜ್ಜಿ ಚೆನ್ನಾಗಿ ನೋಡಿ. ಇಲ್ಲಿ ಆತುರ ಬೇಡ. ನಾನು ವರ್ನಿಯರ್ ಕ್ಯಾಲಿಪರ್ ಹಿಡಿದು ಪಿನ್ನಿನ ಬುಡದಲ್ಲಿ ಒಮ್ಮೆ, ಬುಷ್ ಕೂರುವ ಜಾಗದಲ್ಲಿ ಮೇಲೆ ಕೆಳಗೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆದೆ. ಬಲಗಡೆಯ ಕೆಳಗಿನ ಪಿನ್ನು ಒಂದು ಮಿಲಿಮೀಟರಿಗಿಂತ ಹೆಚ್ಚು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಬುಷ್ ಮುಗಿದ ಮೇಲೆ ಕಣ್ಣಿನ ಕಬ್ಬಿಣವೇ ಪಿನ್ನನ್ನು ತಿಂದಿದೆ. ಇಂತಹ ಪಿನ್ನಿಗೆ ಹೊಸ ಬುಷ್ ಹಾಕಿದರೆ ತಿಂಗಳೊಳಗೆ ಮತ್ತೆ ಗಡಗಡ ಶುರುವಾಗುತ್ತದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು ಹೆಚ್ಚು, ಗಿರಣಿ ಇದ್ದಲ್ಲಿ ಲೇತ್ ಇದ್ದೇ ಇರುತ್ತದೆ. ಆ ಬದಿಯ ಪ್ಲೇಟನ್ನು ಯು-ಬೋಲ್ಟ್ ಬಿಚ್ಚಿ ತೆಗೆದು ಹೊಸ ಪಿನ್ ಕೂರಿಸಿಕೊಂಡು ಬಂದೆ. ಪ್ಲೇಟ್ ತೆಗೆಯುವುದಾದರೆ ಮಾತ್ರ ಗಾಡಿಯ ಭಾರ ಚಾಸಿಯ ಅಡಿಗೆ ಇಟ್ಟ ಸ್ಟ್ಯಾಂಡಿನ ಮೇಲಿರಬೇಕು, ಯು-ಬೋಲ್ಟುಗಳನ್ನು ಮತ್ತೆ ಕರ್ಣಾಕಾರವಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಇದರಿಂದ ಅರ್ಧ ದಿನ ಹೆಚ್ಚು ಹಿಡಿಯಿತು. ಆ ಅರ್ಧ ದಿನ ಉಳಿಸಲು ನೋಡಬೇಡಿ.

ಹೊಸ ಶಾಕನ್ನು ಡಬ್ಬದಿಂದ ತೆಗೆದ ತಕ್ಷಣ ಹಾಕುವಂತಿಲ್ಲ. ಅಂಗಡಿಯಲ್ಲಿ ಅಡ್ಡ ಮಲಗಿದ್ದರಿಂದ ಒಳಗಿನ ಕೊಳವೆಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ಹಿಡಿದು ಪೂರ್ತಿ ಎಳೆಯಿರಿ. ತಲೆಕೆಳಗೆ ಮಾಡಿ ನಿಧಾನವಾಗಿ ಪೂರ್ತಿ ಒತ್ತಿ. ಮತ್ತೆ ನೆಟ್ಟಗೆ, ಮತ್ತೆ ಎಳೆಯಿರಿ. ಮೊದಲ ಒಂದೆರಡು ಸಲ ನಡುವೆ ಪೊಳ್ಳು ಜಾಗ ಸಿಗುತ್ತದೆ, ಒಳಗೆ ಗುಳುಗುಳು ಸದ್ದು ಕೇಳುತ್ತದೆ. ಐದಾರು ಸಲ ಆದಮೇಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ತಡೆಯುತ್ತದೆ. ಆಮೇಲೆ ಹಾಕುವವರೆಗೆ ನೆಟ್ಟಗೇ ನಿಲ್ಲಿಸಿಡಿ. ಕೆಲವು ಶಾಕ್‌ಗಳಲ್ಲಿ ಒತ್ತಡದ ಗ್ಯಾಸ್ ತುಂಬಿರುತ್ತದೆ, ಅವುಗಳನ್ನು ಮುಚ್ಚಿ ಪಟ್ಟಿ ಕಟ್ಟಿರುತ್ತಾರೆ. ಪಟ್ಟಿ ಕತ್ತರಿಸಿದರೆ ತಾವೇ ಚಾಚಿಕೊಳ್ಳುತ್ತವೆ. ಒಂದು ತುದಿ ಕೂರಿಸಿದ ಮೇಲೆಯೇ ಕತ್ತರಿಸಿ.

ಎಣ್ಣೆ ತುಂಬಿದ ದಪ್ಪನೆಯ ಭಾಗ ಕೆಳಗೆ, ಧೂಳು ತಡೆಯುವ ಹೊದಿಕೆ ಮೇಲೆ. ತಲೆಕೆಳಗೆ ಹಾಕಿದರೆ ಗಾಳಿ ನುಂಗಿ ಕೆಲಸ ಮಾಡುವುದಿಲ್ಲ. ಬುಷ್ ಕೂರಿಸುವಾಗ ಗ್ರೀಸ್ ಹಚ್ಚುವ ಅಭ್ಯಾಸ ಎಲ್ಲ ಗ್ಯಾರೇಜಿನಲ್ಲೂ ಇದೆ. ಅದು ತಪ್ಪು. ಪೆಟ್ರೋಲಿಯಂ ಗ್ರೀಸಿಗೆ ರಬ್ಬರ್ ಊದಿ ಮೆತ್ತಗಾಗುತ್ತದೆ. ಸಾಬೂನಿನ ನೀರು ಹಚ್ಚಿ. ಜಾರಲು ಅದು ಸಾಕು, ಒಣಗಿದ ಮೇಲೆ ರಬ್ಬರ್ ತನ್ನ ಜಾಗ ಹಿಡಿದುಕೊಳ್ಳುತ್ತದೆ. ಮೇಲಿನ ಕಣ್ಣನ್ನು ಮೊದಲು ಕೂರಿಸಿ, ಶಾಕನ್ನು ಎಳೆದು ಅಥವಾ ಒತ್ತಿ ಕೆಳಗಿನ ಪಿನ್ನಿಗೆ ಹೊಂದಿಸಿ, ವಾಷರ್ ಇಟ್ಟು ನಟ್ಟುಗಳನ್ನು ಕೈಯಿಂದಲೇ ತಿರುಗಿಸಿ ನಿಲ್ಲಿಸಿ. ಹಳೆಯ ನಟ್ಟು, ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ.

ಕೊನೆಯ ಬಿಗಿತ ಗಾಡಿಯ ಭಾರ ಗಾಲಿಗಳ ಮೇಲೆ ನಿಂತಿರುವಾಗಲೇ ಆಗಬೇಕು. ಆಕ್ಸಲ್ ಜೋತುಬಿದ್ದಿರುವಾಗ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಂಡು, ಗಾಡಿ ಇಳಿಸಿದಾಗ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಎಷ್ಟು ಬಿಗಿಯಬೇಕು ಎಂದರೆ, ವಾಷರಿನ ಅಂಚಿನಿಂದ ರಬ್ಬರ್ ಸ್ವಲ್ಪ ಉಬ್ಬಿ ಕಾಣುವಷ್ಟು. ಹಪ್ಪಳದ ಹಾಗೆ ಹೊರಗೆ ಚಪ್ಪಟೆಯಾಗುವಷ್ಟು ಬೇಡ.

ಮೊದಲ ಓಡಾಟವನ್ನು ಮನೆಯ ಹತ್ತಿರದ ರೋಡ್ ಹಂಪಿನ ಮೇಲೆ ನಿಧಾನಕ್ಕೆ ಮಾಡಿ. ಗಾಜು ಇಳಿಸಿ, ರೇಡಿಯೊ ಆರಿಸಿ, ಕಿವಿಗೊಟ್ಟು ಕೇಳಿ. ಬಡಿತ ಕೇಳಿದರೆ ಯಾವುದೋ ನಟ್ಟು ಸಡಿಲವಿದೆ ಅಥವಾ ಶಾಕ್‌ನ ಮೈ ಎಲ್ಲೋ ತಾಗುತ್ತಿದೆ. ನಾನು ಮರುದಿನ ಮುಂಜಾನೆ ಕಂಪ್ಲಿ ರಸ್ತೆಯಲ್ಲಿ ಹೋದೆ. ಹಿಂಬದಿ ಜಿಗಿದು ಸರಿದಿದ್ದ ಅದೇ ಜಾಗದಲ್ಲಿ ಅದೇ ವೇಗದಲ್ಲಿ ಬ್ರೇಕ್ ಒತ್ತಿದಾಗ ಜೀಪು ಒಮ್ಮೆ ತಗ್ಗಿ, ಒಮ್ಮೆ ಎದ್ದು, ನೇರ ನಿಂತಿತು. ತಿರುಗಿ ಬಂದು ಮುಟ್ಟಿ ನೋಡಿದೆ, ಎರಡೂ ಸಮನಾಗಿ ಬೆಚ್ಚಗಿದ್ದವು.

ನೂರು ಕಿಲೋಮೀಟರ್ ಆದ ಮೇಲೆ ನಾಲ್ಕೂ ನಟ್ಟಿಗೆ ಮತ್ತೆ ಪಾನಾ ಹಾಕಿ. ರಬ್ಬರ್ ಕುಳಿತಮೇಲೆ ಸ್ವಲ್ಪ ಸಡಿಲವಾಗುವುದು ಸಹಜ, ನನ್ನವು ಕಾಲು ಸುತ್ತಿನಷ್ಟು ತಿರುಗಿದವು. ಯು-ಬೋಲ್ಟ್ ಬಿಚ್ಚಿದ್ದರೆ ಅದನ್ನೂ ಅಂದೇ ನೋಡಿ. ಹಳೆಯ ಶಾಕ್‌ನಲ್ಲಿ ಉಳಿದ ಎಣ್ಣೆಯನ್ನು ತಿಪ್ಪೆಗೋ ಚರಂಡಿಗೋ ಸುರಿಯಬೇಡಿ, ಇಲ್ಲಿ ಚರಂಡಿಯ ನೀರು ಎಲ್ಲಿಯೋ ಒಂದು ಕಡೆ ಗದ್ದೆಗೇ ಹೋಗುತ್ತದೆ. ಬಾಟಲಿಗೆ ತುಂಬಿ, ಹಳೆಯ ಇಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಗ್ಯಾಸ್ ತುಂಬಿದ ಬಗೆಯದಾಗಿದ್ದರೆ ತೂತು ಕೊರೆಯಲು ಹೋಗದೆ ಇಡಿಯಾಗಿಯೇ ಕೊಟ್ಟುಬಿಡಿ.